ಕಾಟ್ಸ್‌ವೋಲ್ಡ್ಸ್‌ನಲ್ಲಿ ಮೂರು ದಿನ ಸೈಕಲ್: ದೂರ ಆಮೇಲೆ, ಮೊದಲು ಏರು ಎಣಿಸಿ

ಬೆಂಗಳೂರಿನಲ್ಲಿದ್ದಾಗ ಭಾನುವಾರ ಬೆಳಗಿನ ಜಾವ ಎದ್ದು ನಂದಿಬೆಟ್ಟ ಹತ್ತಿ ಬರುತ್ತಿದ್ದ ಗೆಳೆಯನೊಬ್ಬ ಇಂಗ್ಲೆಂಡಿಗೆ ಬಂದವನು ನನ್ನ ಜೊತೆ ಕಾಟ್ಸ್‌ವೋಲ್ಡ್ಸ್‌ಗೆ ಹೊರಟ. ಹೊರಡುವ ಮುಂಚೆ ನಕ್ಷೆ ನೋಡಿ ನಕ್ಕ. "ಇಲ್ಲಿನ ಅತಿ ಎತ್ತರದ ಗುಡ್ಡವೇ 330 ಮೀಟರಂತೆ. ನಮ್ಮ ಬೆಂಗಳೂರೇ 900 ಮೀಟರ್ ಮೇಲಿದೆಯಲ್ಲೋ ಮಾರಾಯ, ಇದನ್ನೂ ಗುಡ್ಡ ಅಂತಾರಾ?" ಮೂರನೆಯ ದಿನ ಬೆಳಿಗ್ಗೆ ಟರ್ಕ್‌ಡೀನ್ ಎಂಬ ಊರಿನ ಕೆಳಗೆ ಅದೇ ಗೆಳೆಯ ಸೈಕಲ್ಲಿನಿಂದ ಇಳಿದು, ಕಲ್ಲುಗೋಡೆಗೆ ಒರಗಿ ನಿಂತು, "ಇಂಥವು ಇನ್ನೆಷ್ಟಿವೆ ಹೇಳಿಬಿಡು" ಎಂದ.

ನಂದಿಬೆಟ್ಟದಲ್ಲಿ ಏರು ಒಂದೇ. ಏಳೆಂಟು ಕಿಲೋಮೀಟರ್ ಹಲ್ಲು ಕಚ್ಚಿ ತುಳಿದರೆ ಮುಗಿಯಿತು. ಆಮೇಲೆ ಇಳಿಯುವುದು, ಇಡ್ಲಿ ತಿನ್ನುವುದು. ಕಾಟ್ಸ್‌ವೋಲ್ಡ್ಸ್‌ನ ಏರು ನಲವತ್ತು ಮೀಟರ್, ಅರವತ್ತು ಮೀಟರ್, ಹೆಚ್ಚೆಂದರೆ ನೂರು. ಕೆಲವೇ ನಿಮಿಷದಲ್ಲಿ ತಲೆ ಮುಟ್ಟುತ್ತೀರಿ. ಕೂಡಲೇ ಇಳಿಜಾರು, ಕೆಳಗೊಂದು ತೊರೆ, ಗಿಡ್ಡ ಸೇತುವೆ, ಮತ್ತೆ ಏರು. ದಿನಕ್ಕೆ ಹದಿನೈದು ಇಪ್ಪತ್ತು ಸಲ ಇದೇ ಆಟ. ಬೆವರು ಸುರಿಸಿ ಗಳಿಸಿದ ಎತ್ತರ ಎರಡು ನಿಮಿಷದಲ್ಲಿ ಕೈಬಿಟ್ಟು ಹೋಗುತ್ತದೆ. ಕಾಲಿಗಿಂತ ಮೊದಲು ಸೋಲುವುದು ಮನಸ್ಸು. ಅದಕ್ಕೇ ಇಲ್ಲಿ ದಾರಿ ಗೊತ್ತು ಮಾಡುವಾಗ ಎಷ್ಟು ಕಿಲೋಮೀಟರ್ ಎಂದು ಆಮೇಲೆ ಕೇಳಿಕೊಳ್ಳಿ. ಒಟ್ಟು ಏರು ಎಷ್ಟು, ಅದನ್ನು ಯಾವ ಕಡೆಯಿಂದ ಹತ್ತುತ್ತೀರಿ, ಇದು ಮೊದಲು ಇತ್ಯರ್ಥವಾಗಬೇಕು.

ನೆಲದ ಓರೆ ತಿಳಿದುಕೊಳ್ಳಿ

ಕಾಟ್ಸ್‌ವೋಲ್ಡ್ಸ್ ಲಂಡನ್ನಿನ ವಾಯವ್ಯಕ್ಕೆ, ಆಕ್ಸ್‌ಫರ್ಡ್ ದಾಟಿದ ಮೇಲೆ ಸಿಗುವ ಸುಣ್ಣಕಲ್ಲಿನ ಸೀಮೆ. ಬಹುಪಾಲು ಗ್ಲಾಸ್ಟರ್‌ಶೈರ್ ಮತ್ತು ಆಕ್ಸ್‌ಫರ್ಡ್‌ಶೈರ್‌ನಲ್ಲಿದೆ. ಅಂಚುಗಳು ಇನ್ನೂ ನಾಲ್ಕು ಜಿಲ್ಲೆಗಳಿಗೆ ಚಾಚಿವೆ. 1966ರಿಂದ ಕಾಯ್ದಿಟ್ಟ ಭೂದೃಶ್ಯ. ಸುಮಾರು 2,000 ಚದರ ಕಿಲೋಮೀಟರ್.

ಘಟ್ಟ ಕಂಡವರಿಗೆ ಈ ನೆಲವನ್ನು ಅರ್ಥ ಮಾಡಿಸುವುದು ಸುಲಭ. ನಮ್ಮ ಘಟ್ಟ ಕರಾವಳಿಯ ಕಡೆಗೆ ಗೋಡೆಯಂತೆ ಕಡಿದು ನಿಂತು, ಬಯಲುಸೀಮೆಯ ಕಡೆಗೆ ಮೆಲ್ಲಗೆ ಇಳಿಯುತ್ತದಲ್ಲವೇ? ಕಾವೇರಿ, ತುಂಗೆ ಅಂಚಿನಲ್ಲೇ ಹುಟ್ಟಿ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತವಲ್ಲವೇ? ಅದನ್ನೇ ಅಂಗೈ ಮೇಲೆ ಇಡುವಷ್ಟು ಚಿಕ್ಕದು ಮಾಡಿ. ಕಾಟ್ಸ್‌ವೋಲ್ಡ್ಸ್‌ನ ವಾಯವ್ಯದ ಅಂಚು ಕಡಿದಾದ ದಂಡೆ. ಬ್ರಾಡ್‌ವೇ, ವಿಂಚ್‌ಕೂಮ್, ಚೆಲ್ಟ್‌ನಮ್ ಊರುಗಳು ಅದರ ಬುಡದಲ್ಲಿವೆ. ಅಲ್ಲಿಂದ ಆಗ್ನೇಯಕ್ಕೆ ನೆಲ ನಿಧಾನವಾಗಿ ಓರೆಯಾಗುತ್ತ ಹೋಗುತ್ತದೆ. ಈವನ್‌ಲೋಡ್, ವಿಂಡ್‌ರಶ್, ಲೀಚ್, ಕೋಲ್ನ್, ಚರ್ನ್ ಎಂಬ ಪುಟ್ಟ ನದಿಗಳು ಬಾಚಣಿಗೆಯ ಹಲ್ಲುಗಳಂತೆ ಒಂದರ ಪಕ್ಕ ಒಂದು ಹರಿದು ಥೇಮ್ಸ್ ಸೇರುತ್ತವೆ.

ಈ ಬಾಚಣಿಗೆಯೊಂದು ತಲೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಹಲ್ಲಿನ ಉದ್ದಕ್ಕೆ ಹೋದರೆ ನದಿಯ ಜೊತೆ ಜಾರುತ್ತೀರಿ. ಅಡ್ಡಕ್ಕೆ ಹೋದರೆ ಪ್ರತಿ ಹಲ್ಲಿಗೂ ಒಂದು ಇಳಿತ, ಒಂದು ಏರು. ಕಡಿದಾದ ದಂಡೆಯನ್ನು ಕೆಳಗಿನಿಂದ ಹತ್ತುವುದಂತೂ ಹಟ ತೊಟ್ಟವರಿಗೆ ಬಿಟ್ಟ ವಿಷಯ. ನಾನು ಕೊಡುವ ದಾರಿ ಈ ಲೆಕ್ಕದ ಮೇಲೆಯೇ ನಿಂತಿದೆ: ಮೊದಲ ದಿನ ಪೂರ್ವದ ಕಡೆಯಿಂದ ಅಂಚಿಗೆ ಒಮ್ಮೆ ಹತ್ತಿಬಿಡುವುದು, ಅಲ್ಲಿಂದ ವಿಂಡ್‌ರಶ್ ನದಿಯ ಕೈಹಿಡಿದು ಇಳಿಯುವುದು, ಎರಡನೆಯ ದಿನದ ಅರ್ಧವೂ ಅದರ ಜೊತೆಗೇ. ಅಡ್ಡ ಹಾಯುವ ಕಷ್ಟವನ್ನು ಕೊನೆಯ ದಿನಕ್ಕೆ ಇಟ್ಟಿದ್ದೇನೆ. ಏಕೆಂದರೆ ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಮೂರನೆಯ ದಿನ ನಾವು ಈಶಾನ್ಯಕ್ಕೆ ಹೋಗುತ್ತಿರುತ್ತೇವೆ, ಬೆನ್ನಿಗೆ ಗಾಳಿ.

ನಕ್ಷೆಯಲ್ಲಿ ಏರು ಓದುವುದು

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ನಕ್ಷೆ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಅಳತೆ 1:50,000, ಅಂದರೆ ನಕ್ಷೆಯ ಎರಡು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. 151 ಮತ್ತು 163ನೇ ಹಾಳೆಗಳು ಈ ದಾರಿಯ ಬಹುಭಾಗಕ್ಕೆ ಸಾಕು, ಬ್ರಾಡ್‌ವೇ ಕಡೆಯ ಅಂಚಿಗೆ 150ನ್ನೂ ನೋಡಿಕೊಳ್ಳಿ. ಕಾಗದ ಬೇಡವೆನ್ನುವವರಿಗೆ ಇದೇ ನಕ್ಷೆ ಫೋನಿನಲ್ಲೂ ಸಿಗುತ್ತದೆ.

ಹಳದಿ ಬಣ್ಣದ ತೆಳು ಗೆರೆಗಳು ನಿಮ್ಮ ರಸ್ತೆಗಳು. ಅವುಗಳ ಮೇಲೆ ಅಲ್ಲಲ್ಲಿ ಪುಟ್ಟ ಬಾಣದ ಗುರುತು ಇರುತ್ತದೆ. ಒಂದು ಬಾಣ ಎಂದರೆ ಶೇ 14ರಿಂದ 20ರಷ್ಟು ಕಡಿದು. ಎರಡು ಬಾಣ ಎಂದರೆ ಶೇ 20ಕ್ಕೂ ಹೆಚ್ಚು. ಬಾಣದ ತುದಿ ಇಳಿಜಾರಿನ ಕಡೆಗೆ ನೋಡುತ್ತದೆ. ಎರಡು ಬಾಣದ ರಸ್ತೆ ಎದುರಾದರೆ, ಸಾಮಾನು ಹೊತ್ತ ಸೈಕಲ್ಲಿನವರು ಬೇರೆ ದಾರಿ ಹುಡುಕುವುದೇ ಕ್ಷೇಮ.

ಬಾಣವಿಲ್ಲದ ಕಡೆಯೂ ಲೆಕ್ಕ ಹಾಕಬಹುದು. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಸಮೋನ್ನತಿ ಗೆರೆಗಳು ಹತ್ತು ಹತ್ತು ಮೀಟರ್ ಎತ್ತರಕ್ಕೆ ಒಂದರಂತೆ ಇರುತ್ತವೆ. ನಿಮ್ಮ ಹಳದಿ ರಸ್ತೆ ಒಂದು ಸೆಂಟಿಮೀಟರಿನೊಳಗೆ ಐದು ಗೆರೆ ದಾಟಿತು ಎನ್ನಿ: ಅರ್ಧ ಕಿಲೋಮೀಟರಿನಲ್ಲಿ 50 ಮೀಟರ್, ಅಂದರೆ ಶೇ 10. ನಾನು ಹೊರಡುವ ಮುನ್ನಾದಿನ ರಾತ್ರಿ ಪೆನ್ಸಿಲ್ ಹಿಡಿದು ದಾರಿಯುದ್ದಕ್ಕೂ ಏರುವ ಗೆರೆಗಳನ್ನು ಮಾತ್ರ ಎಣಿಸುತ್ತೇನೆ. ಇಳಿಯುವವನ್ನು ಕಳೆಯುವುದಿಲ್ಲ, ಬಿಟ್ಟುಬಿಡುತ್ತೇನೆ. ಎಪ್ಪತ್ತು ಗೆರೆ ಸಿಕ್ಕರೆ ದಿನದ ಏರು 700 ಮೀಟರ್. ಪ್ರತಿ 100 ಮೀಟರ್ ಏರಿಗೆ ಎರಡು ಕಿಲೋಮೀಟರ್ ಸೇರಿಸಿಕೊಳ್ಳುವುದು ನನ್ನ ಸ್ವಂತ ಲೆಕ್ಕ: 50 ಕಿ.ಮೀ. ದಾರಿಯಲ್ಲಿ 700 ಮೀಟರ್ ಏರಿದ್ದರೆ ಅದು 64 ಕಿ.ಮೀ.ಯ ದಿನ. ಫೋನಿನ ಆ್ಯಪ್ ಇದನ್ನು ಕ್ಷಣದಲ್ಲಿ ಹೇಳುತ್ತದೆ ನಿಜ. ಆದರೆ ಪೆನ್ಸಿಲ್ಲಿನಲ್ಲಿ ಎಣಿಸಿದವನಿಗೆ ಮರುದಿನ ಯಾವ ತಿರುವಿನ ಹಿಂದೆ ಏರು ಅಡಗಿದೆ ಎನ್ನುವುದು ಬಾಯಿಪಾಠವಾಗಿರುತ್ತದೆ.

ಆ್ಯಪ್ ನಂಬಿ ಕೆಟ್ಟವನು ನಾನು. ಹತ್ತಿರದ ದಾರಿ ಎಂದು ಒಮ್ಮೆ ಅದು ನನ್ನನ್ನು ಕುದುರೆದಾರಿಯೊಂದಕ್ಕೆ ನುಗ್ಗಿಸಿತು. ಮಾರ್ಚ್ ತಿಂಗಳು. ಗೊರಸು ತುಳಿದು ತುಳಿದು ಹದವಾದ ಜೇಡಿಮಣ್ಣು ಮಡ್‌ಗಾರ್ಡಿನೊಳಗೆ ಗಾರೆಯಂತೆ ಮೆತ್ತಿ ಚಕ್ರ ತಿರುಗುವುದೇ ನಿಂತಿತು. ಎರಡು ಕಿಲೋಮೀಟರ್ ಸೈಕಲ್ಲನ್ನು ಹೆಗಲ ಮೇಲೆ ಹೊತ್ತೆ. ಬ್ರೈಡಲ್‌ವೇ ಎನ್ನುವ ಈ ಕುದುರೆದಾರಿಗಳಲ್ಲಿ ಸೈಕಲ್ ತುಳಿಯಲು 1968ರ ಕಾಯ್ದೆ ಹಕ್ಕು ಕೊಟ್ಟಿದೆ. ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು, ಅಷ್ಟೇ. ಹಕ್ಕು ಇದೆ, ಆದರೆ ಬೇಸಿಗೆಯ ಒಣ ದಿನಗಳಲ್ಲಿ ಮಾತ್ರ ಚಲಾಯಿಸಿ. ಫುಟ್‌ಪಾತ್ ಎಂದು ಗುರುತಿಸಿದ ಹೊಲದ ಕಾಲುದಾರಿಗಳಲ್ಲಿ ಆ ಹಕ್ಕೂ ಇಲ್ಲ. ಚಿಪ್ಪಿಂಗ್ ಕ್ಯಾಂಪ್ಡನ್‌ನಿಂದ ಬಾತ್‌ವರೆಗೆ ಹೋಗುವ ಹೆಸರಾಂತ ಕಾಟ್ಸ್‌ವೋಲ್ಡ್ ವೇ ನಡೆಯುವವರ ದಾರಿ. ಅದರ ಗುರುತು ಕಂಡು ಹಿಂಬಾಲಿಸಿ ಹೋಗಬೇಡಿ.

ಸೈಕಲ್, ಚೀಲ, ಹೊಟ್ಟೆ

ಸೈಕಲ್ ಎಷ್ಟು ದುಬಾರಿ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಅದರ ಅತಿ ಸಣ್ಣ ಗೇರು ಎಷ್ಟು ಎಂದು ನೋಡಿ. ಪೆಡಲಿನ ಬಳಿಯ ಚಿಕ್ಕ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ದೊಡ್ಡದಕ್ಕೆ ಎಷ್ಟು? ಎರಡಕ್ಕೂ 34 ಇದ್ದರೆ ಒಮ್ಮೆ ತುಳಿದಾಗ ಚಕ್ರ ಸರಿಯಾಗಿ ಒಂದು ಸುತ್ತು, ಅಂದರೆ ಎರಡು ಮೀಟರಿಗೆ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತೀರಿ. ಬರಿಗೈ ಸವಾರನಿಗೆ ಇದು ಸಾಕು. ಹಿಂದೆ ಹತ್ತು ಕಿಲೋ ಚೀಲ ತೂಗಿಸಿದ ಮೇಲೆ ಸಾಲದು. ಮುಂದೆ 26, ಹಿಂದೆ 34 ಇದ್ದರೆ ಒಂದು ತುಳಿತಕ್ಕೆ ಒಂದೂಮುಕ್ಕಾಲು ಮೀಟರಿಗೂ ಕಡಿಮೆ. ಟರ್ಕ್‌ಡೀನ್ ಏರನ್ನೂ ಕೂತೇ ಹತ್ತಬಹುದು. ನನ್ನ ಗೆಳೆಯನದು ರೇಸಿಂಗ್ ಸೈಕಲ್. ಅವನು ಗೋಡೆಗೆ ಒರಗಿದ್ದರ ಗುಟ್ಟು ಇಷ್ಟೇ.

ಟೈರ್ 32 ಮಿ.ಮೀ. ಇರಲಿ, ಮಡ್‌ಗಾರ್ಡ್ ಇರಲಿ. ಶರತ್ಕಾಲದಿಂದ ರೈತರು ಬೇಲಿ ಕತ್ತರಿಸುತ್ತಾರೆ. ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಮುಳ್ಳು ರಸ್ತೆ ತುಂಬ. ಆಗ ಹೋಗುವವರು ಎರಡು ಟ್ಯೂಬ್ ಇಟ್ಟುಕೊಳ್ಳಿ. ಹಿಂದಿನ ಮುಂದಿನ ದೀಪ ಕಡ್ಡಾಯವಾಗುವುದು ಕತ್ತಲಾದ ಮೇಲೆ, ಆದರೆ ಮರಗಳು ಮುಚ್ಚಿಕೊಂಡ ಓಣಿಗಳಲ್ಲಿ ಹಗಲಿಗೂ ಬೇಕು. ಹೆಲ್ಮೆಟ್ಟಿಗೆ ಕಾನೂನಿನ ಬಲವಂತ ಇಲ್ಲ, ಹಾಕಿಕೊಳ್ಳಿ. ಮೊಣಕಾಲು ನೋವಿನವರು ನಾಚಿಕೆ ಬಿಟ್ಟು ಇ-ಬೈಕ್ ಬಾಡಿಗೆಗೆ ಹಿಡಿಯಿರಿ. ಇಲ್ಲಿನ ಕಾನೂನಿನಂತೆ ಅದರ ಮೋಟಾರು 250 ವ್ಯಾಟ್. ಗಂಟೆಗೆ 25 ಕಿ.ಮೀ. ಮುಟ್ಟಿದ ಮೇಲೆ ನೆರವು ನಿಲ್ಲುತ್ತದೆ. ಏರಿನಲ್ಲಿ ಆ ವೇಗ ಯಾರಿಗೆ ಬೇಕು?

ಮೇ ತಿಂಗಳಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಮೇ ಮೊದಲ ವಾರಗಳಲ್ಲಿ ಕಾಡಿನೊಳಗೆ ನೀಲಿ ಬ್ಲೂಬೆಲ್, ಬಯಲಲ್ಲಿ ರೇಪ್‌ಸೀಡ್ ಹೊಲದ ಹಳದಿ. ಜೂನ್ ನಡುವೆ ಹದಿನಾರೂವರೆ ಗಂಟೆ ಬೆಳಕು. ಮಳೆ ಯಾವಾಗಲೂ ಬರಬಹುದು. ಮಲೆನಾಡಿನ ಮಳೆಯ ಹಾಗೆ ಬಡಿದು ಹೋಗುವುದಿಲ್ಲ, ಜಿನುಗುತ್ತ ಕೂರುತ್ತದೆ.

ಊಟದ ವಿಷಯದಲ್ಲಿ ಎಚ್ಚರ ಇರಲಿ. ಹಳ್ಳಿಯ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಬಾಗಿಲು ಹಾಕಿಬಿಡುತ್ತದೆ. ಸಂಜೆ ಆರರವರೆಗೆ ಏನೂ ಇಲ್ಲ. ಸೋಮವಾರ ಕೆಲವು ತೆರೆಯುವುದೇ ಇಲ್ಲ. ಒಂದು ಹಳ್ಳಿಗೆ ನಾವು ಎರಡು ಗಂಟೆ ಮೂವತ್ತೈದು ನಿಮಿಷಕ್ಕೆ ಮುಟ್ಟಿ, ಒಳಗಿನಿಂದ ಕರಿದ ಆಲೂಗಡ್ಡೆಯ ವಾಸನೆ ಮೂಗಿಗೆ ಬಡಿಯುತ್ತಿರುವಾಗಲೇ "ಕಿಚನ್ ಮುಚ್ಚಿದೆ" ಎಂಬ ಮಾತು ಕೇಳಿ ಹೊರಗೆ ಬಂದೆವು. ಅಂದು ಕಾಪಾಡಿದ್ದು ಚೀಲದೊಳಗಿನ ಖಾರದ ಅವಲಕ್ಕಿ ಮತ್ತು ಶೇಂಗಾ ಚಿಕ್ಕಿ. ಸಸ್ಯಾಹಾರಿಗಳಿಗೆ ಬೇಯಿಸಿದ ಆಲೂಗಡ್ಡೆಯ ಮೇಲೆ ಬೀನ್ಸ್, ಚೀಸ್ ಸ್ಯಾಂಡ್‌ವಿಚ್, ಸೂಪು ಎಲ್ಲೆಡೆ ಸಿಗುತ್ತದೆ. ಸೂಪಿನಲ್ಲಿ ಕೋಳಿಯ ಸಾರು ಹಾಕಿದ್ದಾರೋ ಎಂದು ಕೇಳಿಯೇ ತರಿಸಿ.

ಕೋಣೆ ಕಾಯ್ದಿರಿಸುವಾಗ ಸೈಕಲ್ ಇಡಲು ಬೀಗ ಹಾಕುವ ಜಾಗ ಇದೆಯೇ ಎಂದು ಮೊದಲು ಕೇಳಿ. ವಾರಾಂತ್ಯದಲ್ಲಿ ಬಹಳ ಕಡೆ ಕನಿಷ್ಠ ಎರಡು ರಾತ್ರಿ ಎನ್ನುತ್ತಾರೆ. ಆದ್ದರಿಂದ ಮಂಗಳವಾರದಿಂದ ಗುರುವಾರದೊಳಗೆ ಈ ಪ್ರವಾಸ ಮುಗಿಸುವುದು ಜೇಬಿಗೂ ಹಗುರ, ರಸ್ತೆಯೂ ಖಾಲಿ.

ಓಣಿಯ ನಡವಳಿಕೆ

ವಾಹನ ಎಡಕ್ಕೇ ಓಡುತ್ತದೆ, ಅಷ್ಟು ನೆಮ್ಮದಿ. ಹಳದಿ ರಸ್ತೆಗಳು ಒಂದು ಕಾರಿನ ಅಗಲ. ಎರಡೂ ಕಡೆ ಬೇಲಿ ಅಥವಾ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ತಿರುವಿನಾಚೆ ಏನಿದೆ ಎಂದು ಕಾಣುವುದಿಲ್ಲ, ಕೇಳಿಸುತ್ತದೆ. ಕಿವಿಗೆ ಹಾಡು ತುರುಕಿಕೊಂಡು ಹೋಗಬೇಡಿ. ಟ್ರ್ಯಾಕ್ಟರ್ ಎದುರಾದರೆ ಅಲ್ಲಲ್ಲಿ ರಸ್ತೆ ಅಗಲಿಸಿ ಮಾಡಿದ ತಾವಿಗೆ ಸರಿದು ನಿಂತು ಕೈ ಎತ್ತಿ, ಅವರೂ ಎತ್ತುತ್ತಾರೆ. ಇಲ್ಲಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್‌ನ 2022ರ ಆವೃತ್ತಿಯ ಪ್ರಕಾರ ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲ್ಲನ್ನು ಹಿಂದಿಕ್ಕುವ ಕಾರು ಕನಿಷ್ಠ 1.5 ಮೀಟರ್ ಅಂತರ ಬಿಡಬೇಕು. ಹಾಗಾಗಿ ಬೇಲಿಗೆ ಅಂಟಿಕೊಂಡು ಹೋಗದೆ, ನಿಮ್ಮ ಜಾಗ ಹಿಡಿದು ತುಳಿಯಿರಿ. ರಸ್ತೆ ಅಗಲವಾದ ಕಡೆ ನೀವೇ ದಾರಿ ಬಿಟ್ಟುಕೊಡಿ.

ಕುದುರೆ ಕಂಡರೆ ದೂರದಿಂದಲೇ ವೇಗ ಇಳಿಸಿ, ಸವಾರರಿಗೆ ಕೇಳುವಂತೆ "ಹಲೋ" ಎನ್ನಿ. ಮನುಷ್ಯರ ದನಿ ಕೇಳಿದರೆ ಕುದುರೆ ಬೆಚ್ಚುವುದಿಲ್ಲ. ಅದರ ಎಡಗಡೆಯಿಂದ ನುಸುಳಬಾರದು. ಬಲಕ್ಕೆ ಅಗಲವಾಗಿ ಬಳಸಿ ಹೋಗಿ. ದನ ದಾಟದಿರಲೆಂದು ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಸಲಾಕೆಗಳ ಮೇಲೆ ನೇರವಾಗಿ, ಬ್ರೇಕ್ ಮುಟ್ಟದೆ ದಾಟಬೇಕು.

ರಸ್ತೆಯ ಮೇಲೆಯೇ ನೀರು ಹರಿಯುವ ತಾವುಗಳಿವೆ, ಫೋರ್ಡ್ ಎನ್ನುತ್ತಾರೆ. ಅಪ್ಪರ್ ಸ್ಲಾಟರ್ ಊರಿನಲ್ಲಿ ಒಂದಿದೆ. ನೀರು ಒಂದು ಗೇಣೂ ಇರಲಿಲ್ಲ, ತಳ ಕಾಣುತ್ತಿತ್ತು. ಕಂಡದ್ದು ತಳವಲ್ಲ, ಪಾಚಿ. ಮುಂದಿನ ಚಕ್ರ ಸೋಪಿನ ಮೇಲೆ ಇಟ್ಟಂತೆ ಜಾರಿ, ನಾನು ಮೊಣಕೈ ಊರಿ ನೀರಲ್ಲಿ ಕೂತೆ. ದಡದ ಮೇಲಿದ್ದ ಬಾತುಕೋಳಿಗಳು ಕೂಡ ಕದಲಲಿಲ್ಲ. ಅವಕ್ಕೆ ಇದು ದಿನನಿತ್ಯದ ನೋಟ ಇದ್ದೀತು. ಪಕ್ಕದಲ್ಲೇ ಕಾಲುಸೇತುವೆ ಇತ್ತು. ಇಳಿದು ತಳ್ಳಿಕೊಂಡು ಹೋಗಿ.

ಮೊದಲ ದಿನ: ಅಂಚಿಗೆ ಹತ್ತಿ, ನದಿಯ ಜೊತೆ ಇಳಿ

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಮೋರ್ಟನ್-ಇನ್-ಮಾರ್ಶ್‌ಗೆ ನೇರ ರೈಲಿದೆ, ಒಂದೂವರೆ ಗಂಟೆಗೆ ಸ್ವಲ್ಪ ಹೆಚ್ಚು. ಸೈಕಲ್ಲಿನ ಜಾಗವನ್ನು ಟಿಕೆಟ್ ಜೊತೆಗೇ ಕಾಯ್ದಿರಿಸಿ, ಅದಕ್ಕೆ ದುಡ್ಡಿಲ್ಲ. ಜಾಗ ಮಾತ್ರ ಬೆರಳೆಣಿಕೆಯಷ್ಟು. ಮಂಗಳವಾರ ಇಳಿದರೆ ಬೀದಿ ತುಂಬ ಸಂತೆ. ಹಣ್ಣು ಅಲ್ಲೇ ಕೊಳ್ಳಿ.

ಮೋರ್ಟನ್‌ನಿಂದ ಪಶ್ಚಿಮಕ್ಕೆ ನೇರ ಹೋಗುವ ಎ 44 ರಸ್ತೆಯಲ್ಲಿ ಲಾರಿಗಳೂ ಇವೆ, ಏರೂ ಇದೆ. ಅದನ್ನು ಬಿಟ್ಟು ಬ್ಯಾಟ್ಸ್‌ಫರ್ಡ್, ಡ್ರೇಕಾಟ್ ಕಡೆಯ ಓಣಿಯಲ್ಲಿ ಬ್ಲಾಕ್ಲಿಗೆ ಹೋಗಿ. ಒಂದು ಕಾಲಕ್ಕೆ ಅಲ್ಲಿನ ತೊರೆಯ ನೀರು ರೇಷ್ಮೆ ಗಿರಣಿಗಳನ್ನು ತಿರುಗಿಸುತ್ತಿತ್ತು. ಅಲ್ಲಿಂದ ಒಂದು ಏರು, ಬ್ರಾಡ್ ಕ್ಯಾಂಪ್ಡನ್, ಆಮೇಲೆ ಚಿಪ್ಪಿಂಗ್ ಕ್ಯಾಂಪ್ಡನ್. 1627ರ ಸಂತೆಮಂಟಪದ ಒಳಗೆ ನಿಂತು ನೀರು ಕುಡಿಯಿರಿ. ನೆಲದ ಕಲ್ಲು ಜನ ನಡೆದೂ ನಡೆದೂ ಅಲೆಯಂತೆ ಸವೆದಿದೆ. ಕಂಬದ ಕಲ್ಲನ್ನು ಹತ್ತಿರದಿಂದ ನೋಡಿ, ರವೆಯ ಹಾಗೆ ದುಂಡು ದುಂಡು ಕಾಳುಗಳು ಒತ್ತಾಗಿ ಅಂಟಿಕೊಂಡಿರುತ್ತವೆ. ಓಲೈಟ್ ಎಂಬ ಹೆಸರು ಬಂದದ್ದೇ ಮೀನಿನ ಮೊಟ್ಟೆಯಂಥ ಈ ಕಾಳಿನಿಂದ. ಮೂರು ದಿನ ನೀವು ಹತ್ತಿಳಿಯುವುದು ಹಳೆಯ ಸಮುದ್ರದ ತಳದ ಮೇಲೆ.

ಊರಿನಿಂದ ಡೋವರ್ಸ್ ಹಿಲ್‌ಗೆ ಚಿಕ್ಕದಾದರೂ ಚುರುಕಾದ ಏರು. 1612ರ ಹೊತ್ತಿಗೆ ಇಲ್ಲಿ ಶುರುವಾದ ಆಟಗಳ ಜಾತ್ರೆಯಲ್ಲಿ ಇಂದಿಗೂ ಒಬ್ಬರ ಮೊಣಕಾಲ ಕೆಳಗೆ ಇನ್ನೊಬ್ಬರು ಒದೆಯುವ ಪಂದ್ಯ ನಡೆಯುತ್ತದೆ. ಇಲ್ಲಿಂದ ಅಂಚಿನ ಮೇಲಿನ ರಸ್ತೆಗಳಲ್ಲೇ ದಕ್ಷಿಣಕ್ಕೆ ಸಾಗಿ, ಎ 44 ಅನ್ನು ಎಚ್ಚರದಿಂದ ದಾಟಿದರೆ ಬ್ರಾಡ್‌ವೇ ಟವರ್. ನೆಲ 312 ಮೀಟರ್ ಎತ್ತರ. ಅದರ ಮೇಲೆ 20 ಮೀಟರಿನ, ಹದಿನೆಂಟನೇ ಶತಮಾನದ ಕೊನೆಯ, ಯಾವ ಉಪಯೋಗಕ್ಕೂ ಕಟ್ಟಿಸದ ಗೋಪುರ.

ಗೋಪುರದ ಬುಡದಿಂದ ಬ್ರಾಡ್‌ವೇ ಊರು ಕಾಲ ಕೆಳಗೇ ಕಾಣುತ್ತದೆ. ಚೆಂದದ ಬೀದಿ, ಕೇಕಿನ ಅಂಗಡಿಗಳು. ಇಳಿಯಬೇಡಿ. ಇಳಿದರೆ 200 ಮೀಟರಿಗೂ ಹೆಚ್ಚು ಎತ್ತರ ಕೈಬಿಟ್ಟಂತೆ; ಅದನ್ನು ಸಂಜೆ ಮತ್ತೆ ಹತ್ತಿ ತೀರಿಸಬೇಕು. ಮೊದಲ ಸಲ ನಾನು ಕೇಕಿಗೆ ಮರುಳಾಗಿ ಇಳಿದು, ಕತ್ತಲಾದ ಮೇಲೆ ಕೋಣೆ ಸೇರಿದೆ.

ಅಂಚಿನ ಮೇಲೆಯೇ ಸ್ನೋಸ್‌ಹಿಲ್‌ಗೆ ಹೋಗಿ, ಊರಿಂದ ಹೊರಬರುವ ಏರು ಮುಗಿಸಿದರೆ ದಿನದ ದೊಡ್ಡ ಕೆಲಸ ಆಯಿತು. ಟ್ಯಾಡಿಂಗ್ಟನ್ ಸುತ್ತ ವಿಂಡ್‌ರಶ್ ಹುಟ್ಟುತ್ತದೆ. ಕಟ್ಸ್‌ಡೀನ್, ಫೋರ್ಡ್ ಊರುಗಳ ಬಳಿ ಅದು ಹಾರಿ ದಾಟುವಷ್ಟು ಸಣ್ಣ ತೊರೆ. 1948ರ ಜೂನಿನಲ್ಲಿ ಕೆರಿಬಿಯನ್ನಿನಿಂದ ನೂರಾರು ವಲಸೆಗಾರರನ್ನು ಹೊತ್ತು ತಂದ ಎಂಪೈರ್ ವಿಂಡ್‌ರಶ್ ಹಡಗಿಗೆ ಇಟ್ಟದ್ದು ಈ ತೊರೆಯ ಹೆಸರನ್ನೇ. ಆ ಹೆಸರು ಹೊತ್ತ ಒಂದು ತಲೆಮಾರೇ ಈ ದೇಶದಲ್ಲಿದೆ. ವೀಸಾ ಕಾಗದ ಹಿಡಿದು ಬಂದ ನನ್ನಂಥವನಿಗೆ ಆ ನೀರನ್ನು ಸುಮ್ಮನೆ ದಾಟಿ ಹೋಗಲು ಮನಸ್ಸು ಬರುವುದಿಲ್ಲ.

ಟೆಂಪಲ್ ಗೈಟಿಂಗ್, ಗೈಟಿಂಗ್ ಪವರ್, ನಾಂಟನ್, ಆಮೇಲೆ ಎರಡು ಸ್ಲಾಟರ್‌ಗಳು. ಹೆಸರು ಕೇಳಿ ಬೆಚ್ಚಬೇಡಿ, ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕೆಸರಿನ ಜಾಗವೆಂದು ಅರ್ಥ. ಎರಡು ಮಹಾಯುದ್ಧಗಳಿಗೂ ಹೋದವರೆಲ್ಲ ಜೀವಂತ ಮರಳಿದ ಅಪರೂಪದ ಊರುಗಳಲ್ಲಿ ಅಪ್ಪರ್ ಸ್ಲಾಟರ್ ಒಂದು. ಬೋರ್ಟನ್-ಆನ್-ದ-ವಾಟರ್‌ನಲ್ಲಿ ರಾತ್ರಿ ತಂಗಿ. ಹಗಲು ಬಸ್ಸುಗಟ್ಟಲೆ ಜನ. ಸಂಜೆ ಆರರ ಮೇಲೆ ಗಿಡ್ಡ ಸೇತುವೆಗಳೆಲ್ಲ ನಿಮ್ಮವೇ. ಸುಮಾರು 50 ಕಿ.ಮೀ.

ಎರಡನೆಯ ದಿನ: ಮೂರು ನದಿಗಳು

ಇದು ಹಗುರ ದಿನ. ಬೋರ್ಟನ್‌ನಿಂದ ಲಿಟ್ಲ್ ರಿಸಿಂಗ್ಟನ್‌ಗೆ ಒಂದು ಏರು ಬಿಟ್ಟರೆ, ಗ್ರೇಟ್ ರಿಸಿಂಗ್ಟನ್, ಗ್ರೇಟ್ ಬ್ಯಾರಿಂಗ್ಟನ್, ಟೇಂಟನ್ ಊರುಗಳ ಮೂಲಕ ಕಣಿವೆಯ ಪಕ್ಕೆಯಲ್ಲೇ ಬರ್ಫರ್ಡ್‌ವರೆಗೆ ಸಾಗಬಹುದು. ಬ್ಲೆನಿಮ್ ಅರಮನೆಗೆ ಕಲ್ಲು ಹೋದದ್ದು ಟೇಂಟನ್ ಗಣಿಗಳಿಂದ. ಬರ್ಫರ್ಡ್ ಚರ್ಚಿನ ಬಳಿ 1649ರ ಮೇ ತಿಂಗಳಲ್ಲಿ ಬಂಡಾಯವೆದ್ದ ಮೂವರು ಸೈನಿಕರನ್ನು ಗುಂಡಿಕ್ಕಿ ಕೊಂದರು. ಚರ್ಚು ನದಿಯ ಹತ್ತಿರ, ಊರಿನ ತಗ್ಗಿನಲ್ಲಿದೆ. ನಿಮ್ಮ ದಾರಿ ಮೇಲಕ್ಕಿದೆ. ದೊಡ್ಡ ಬೀದಿ ಉದ್ದಕ್ಕೂ ಏರು. ಕಾಫಿಯನ್ನು ಮೇಲೆ ಹತ್ತಿದ ಮೇಲೆ ಕುಡಿಯಿರಿ, ಕೆಳಗಲ್ಲ.

ಎ 40 ದಾಟಿದರೆ ವೆಸ್ಟ್‌ವೆಲ್, ಹೋಲ್‌ವೆಲ್, ಆಮೇಲೆ ಲೀಚ್ ನದಿಯ ಈಸ್ಟ್‌ಲೀಚ್. ಹೊಳೆಯ ಆಚೆಗೊಂದು ಈಚೆಗೊಂದು ಚರ್ಚು, ಕೂಗಿದರೆ ಕೇಳುವಷ್ಟು ಹತ್ತಿರ. ನಡುವೆ ಚಪ್ಪಡಿಕಲ್ಲಿನ ಕಾಲುಸೇತುವೆ. ಈ ಮೂರು ದಿನದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು, ಇಲ್ಲಿಗೆ ಪ್ರವಾಸಿ ಬಸ್ಸು ಬರುವುದಿಲ್ಲ. ಬರುವುದೆಲ್ಲ ಮುಂದಿನ ಬೈಬರಿಗೆ. ಅಲ್ಲಿನ ಆರ್ಲಿಂಗ್ಟನ್ ರೋ ಹದಿನಾಲ್ಕನೇ ಶತಮಾನದಲ್ಲಿ ಉಣ್ಣೆಯ ಉಗ್ರಾಣವಾಗಿದ್ದು, ಹದಿನೇಳರಲ್ಲಿ ನೇಕಾರರ ಮನೆಗಳಾಯಿತು. ಇಂದಿಗೂ ಜನ ವಾಸವಿರುವ ಮನೆಗಳು. ಕಿಟಕಿಗೆ ಫೋನು ಹಿಡಿಯಬೇಡಿ. ಹತ್ತು ನಿಮಿಷ ಸಾಕು.

ಬೈಬರಿಯಿಂದ ಕೋಲ್ನ್ ಕಣಿವೆಯ ಮೇಲ್ಮುಖವಾಗಿ ಆಬ್ಲಿಂಗ್ಟನ್, ವಿನ್ಸನ್, ಕೋಲ್ನ್ ರಾಜರ್ಸ್. ನದಿಗೆ ಎದುರಾಗಿ ಹೋದರೂ ಏರು ಗೊತ್ತೇ ಆಗುವುದಿಲ್ಲ. ರೋಮನ್ನರ ಫಾಸ್ ವೇ, ಈಗಿನ ಎ 429, ಅಡ್ಡ ಬರುತ್ತದೆ. ಹೊತ್ತಿದ್ದರೆ ಯಾನ್‌ವರ್ತ್ ಕಡೆಗೆ ಸುತ್ತಿ, 1864ರಲ್ಲಿ ಪತ್ತೆಯಾದ ಚೆಡ್‌ವರ್ತ್‌ನ ರೋಮನ್ ಮನೆಯ ಅವಶೇಷ ನೋಡಿ. ಇಲ್ಲವಾದರೆ ನೇರ ನಾರ್ತ್‌ಲೀಚ್, ರಾತ್ರಿ ಅಲ್ಲೇ. ಅಲ್ಲಿನ ಚರ್ಚಿನ ನೆಲದಲ್ಲಿ ಉಣ್ಣೆ ವ್ಯಾಪಾರಿಗಳ ಹಿತ್ತಾಳೆ ಫಲಕಗಳಿವೆ. ಕೈಮುಗಿದ ಶೆಟ್ಟರ ಪಾದದ ಕೆಳಗೆ ಕುರಿ, ಉಣ್ಣೆಯ ಮೂಟೆ! ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಚರ್ಚು ಹೇಗೆ ಬಂತೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಮೂರನೆಯ ದಿನ: ಬಾಚಣಿಗೆಗೆ ಅಡ್ಡ

ಹೊಟ್ಟೆ ತುಂಬ ತಿಂಡಿ ತಿಂದು ಹೊರಡಿ. ನಾರ್ತ್‌ಲೀಚ್‌ನಿಂದ ಉತ್ತರಕ್ಕೆ ಇಳಿದ ಕೂಡಲೇ ಟರ್ಕ್‌ಡೀನ್ ಏರು. ಇಳಿಜಾರಿನ ವೇಗ ಉಳಿಸಿಕೊಂಡು ನುಗ್ಗುವ ಆಸೆ ಬೇಡ, ಬುಡದಲ್ಲಿ ತಿರುವಿದೆ, ಜಲ್ಲಿಯಿದೆ. ತಗ್ಗಿಗೆ ಬರುವ ಮೊದಲೇ, ಪೆಡಲಿನ ಮೇಲೆ ಭಾರ ಬೀಳುವ ಮುಂಚೆ, ಸಣ್ಣ ಗೇರಿಗೆ ಬನ್ನಿ. ಏರಿನ ನಡುವೆ ಬದಲಿಸಲು ಹೋದರೆ ಚೈನು ಕಿರುಚುತ್ತದೆ, ಕೆಲವೊಮ್ಮೆ ಕಳಚುತ್ತದೆ. ಕಣ್ಣು ಮೂರು ಮೀಟರ್ ಮುಂದಿನ ರಸ್ತೆಯ ಮೇಲಿರಲಿ, ತುದಿಯ ಮೇಲೆ ಬೇಡ.

ಕೋಲ್ಡ್ ಆ್ಯಸ್ಟನ್, ನಾಟ್‌ಗ್ರೋವ್, ಮತ್ತೆ ವಿಂಡ್‌ರಶ್ ದಾಟಿ ಲೋವರ್ ಸ್ವೆಲ್. ಇಲ್ಲಿ ನಿಂತು ಕಾಲನ್ನು ಕೇಳಿ ತೀರ್ಮಾನಿಸಿ.

ಸಾಕು ಎಂದರೆ ಉತ್ತರಕ್ಕೆ ಲಾಂಗ್‌ಬರೋ ಮೂಲಕ ಮೋರ್ಟನ್, ಹತ್ತು ಹನ್ನೆರಡು ಕಿ.ಮೀ. ಲಾಂಗ್‌ಬರೋದಲ್ಲಿ ಸೈಕಲ್ಲಿಗೆ ಬೀಗ ಹಾಕಿ, ಕಾಲುದಾರಿಯಲ್ಲಿ ನಡೆದು ಸೀಜಿಂಕೋಟ್ ನೋಡಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡಿದು ಬಂದ ಚಾರ್ಲ್ಸ್ ಕಾಕರೆಲ್‌ಗಾಗಿ 1805ರ ಸುಮಾರಿಗೆ ಅವನ ಅಣ್ಣತಮ್ಮಂದಿರಲ್ಲೊಬ್ಬ ಕಟ್ಟಿದ ಮೊಗಲ್ ಶೈಲಿಯ ಮನೆ: ಹಸಿರುಗಟ್ಟಿದ ತಾಮ್ರದ ಗುಮ್ಮಟ, ಸುತ್ತ ಇಂಗ್ಲಿಷ್ ಕುರಿಗಳು. ತೋಟದ ಸೇತುವೆಯ ಮೇಲೆ ಸಾಲಾಗಿ ಕೂತ ನಂದಿಗಳು! ತೋಟಕ್ಕೆ ಕೈ ಹಚ್ಚಿದ ಚಿತ್ರಕಾರ ಥಾಮಸ್ ಡೇನಿಯಲ್ 1792ರಲ್ಲಿ ಮೈಸೂರು ಸೀಮೆಯಲ್ಲೂ ಓಡಾಡಿ ಚಿತ್ರ ಬರೆದವನು. ಮನೆ, ತೋಟ ಎಲ್ಲ ದಿನ ತೆರೆದಿರುವುದಿಲ್ಲ, ಮೊದಲೇ ನೋಡಿಕೊಂಡು ಹೋಗಿ.

ಕಾಲಲ್ಲಿ ಇನ್ನೂ ಕಸುವಿದ್ದರೆ ಸ್ಟೋ-ಆನ್-ದ-ವೋಲ್ಡ್ ಹತ್ತಿ. ಗಾಳಿಗೆ ಹೆಸರಾದ ಊರು, 240 ಮೀಟರ್. ಚರ್ಚಿನ ಉತ್ತರದ ಬಾಗಿಲನ್ನು ಎರಡು ಹಳೆಯ ಯೂ ಮರಗಳು ದ್ವಾರಪಾಲಕರಂತೆ ಅಪ್ಪಿ ನಿಂತಿವೆ. ಅಲ್ಲಿಂದ ಪೂರ್ವಕ್ಕೆ ಇಳಿದರೆ ಡೇಲ್ಸ್‌ಫರ್ಡ್. ಹೈದರಾಲಿಯ ಜೊತೆ ಕಂಪನಿ ಯುದ್ಧಕ್ಕಿಳಿದ 1780ರಲ್ಲಿ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಇಲ್ಲಿ ಮನೆ ಕಟ್ಟಿ, 1818ರಲ್ಲಿ ಸತ್ತು, ಇಲ್ಲಿನ ಚರ್ಚಿನಂಗಳದಲ್ಲೇ ಮಣ್ಣಾದ. ಮುಂದೆ ಕಿಂಗ್‌ಹ್ಯಾಮ್. ಮಳೆ ಹಿಡಿದರೆ ಇಲ್ಲಿಯೂ ಲಂಡನ್ನಿನ ರೈಲು ಸಿಗುತ್ತದೆ. ಅದರಾಚೆ ಚರ್ಚಿಲ್ ಎಂಬ ಹಳ್ಳಿ. ಹೇಸ್ಟಿಂಗ್ಸ್ ಹುಟ್ಟಿದ್ದು ಅಲ್ಲಿ; 1769ರಲ್ಲಿ ವಿಲಿಯಂ ಸ್ಮಿತ್ ಹುಟ್ಟಿದ್ದೂ ಅಲ್ಲೇ. ಕಮ್ಮಾರನ ಮಗ, ಇಂಗ್ಲೆಂಡಿನ ನೆಲದ ಪದರಗಳನ್ನು ಬಿಡಿಸಿ 1815ರಲ್ಲಿ ಬಣ್ಣದ ನಕ್ಷೆಯಾಗಿ ಅಚ್ಚು ಹಾಕಿಸಿದವನು. ಊರಲ್ಲಿ ಅವನಿಗೆ ಒರಟು ಕಲ್ಲಿನ ಸ್ಮಾರಕವಿದೆ. ನಾನು ಇಬ್ಬರಲ್ಲಿ ಸ್ಮಿತ್‌ನಿಗೇ ನಮಸ್ಕಾರ ಹಾಕಿ ಮುಂದೆ ಹೋಗುತ್ತೇನೆ.

ಕೊನೆಯ ಏರು ರೋಲ್‌ರೈಟ್ ಕಲ್ಲುಗಳಿಗೆ. ದಿಣ್ಣೆಯ ತಲೆಯ ಮೇಲೆ ಹುಳು ತಿಂದಂಥ ಎಪ್ಪತ್ತೇಳರಷ್ಟು ಕಲ್ಲುಗಳ ವೃತ್ತ, ಸಾವಿರಾರು ವರ್ಷ ಹಳೆಯದು. ಎಷ್ಟು ಸಲ ಎಣಿಸಿದರೂ ಒಂದೇ ಲೆಕ್ಕ ಬರುವುದಿಲ್ಲ ಎಂದು ಪ್ರತೀತಿ. ಗೆಳೆಯನಿಗೆ 73 ಬಂತು, ನನಗೆ 76. ಇಲ್ಲಿಂದ ಲಿಟ್ಲ್ ಕಾಂಪ್ಟನ್ ಮೇಲಿಂದ ಇಳಿಯುತ್ತ ಹೋದರೆ ಮೋರ್ಟನ್. ಈ ದೊಡ್ಡ ಸುತ್ತು ಹಿಡಿದರೆ ದಿನದ ದೂರ 60 ಕಿ.ಮೀ. ಹತ್ತಿರ ಆಗುತ್ತದೆ, ಸಂಜೆಯ ರೈಲಿಗೆ ಒಂದು ಗಂಟೆ ಹೆಚ್ಚುವರಿ ಇಟ್ಟುಕೊಳ್ಳಿ.

ಪ್ಲಾಟ್‌ಫಾರ್ಮಿಗೆ ಹತ್ತು ನಿಮಿಷ ಮೊದಲೇ ಬಂದು, ಸೈಕಲ್ ಚಿತ್ರವಿರುವ ಡಬ್ಬಿ ಎಲ್ಲಿ ನಿಲ್ಲುತ್ತದೆಂದು ಕೇಳಿಕೊಳ್ಳಿ. ಚೀಲಗಳನ್ನೆಲ್ಲ ಆಗಲೇ ಕಳಚಿ ಕೈಯಲ್ಲಿ ಹಿಡಿದಿರಿ. ರೈಲಿನೊಳಗೆ ಸೈಕಲ್ಲನ್ನು ಮುಂದಿನ ಚಕ್ರದಿಂದ ಕೊಕ್ಕೆಗೆ ತೂಗುಹಾಕಬೇಕು, ಜಾಗ ಬೀರುವಿನಷ್ಟೇ ಇಕ್ಕಟ್ಟು. ಮೂರು ದಿನ ಏರು ಹತ್ತಿದ ತೋಳಿಗೆ ಹದಿನೈದು ಕಿಲೋ ಎತ್ತುವ ಆ ಕೊನೆಯ ಒಂದು ಮೀಟರೇ ಎಲ್ಲಕ್ಕಿಂತ ಕಡಿದು. ಪಕ್ಕದವರನ್ನು ಕೇಳಿ, ಒಂದು ಕೈ ಹಾಕುತ್ತಾರೆ.